ಏನೂ ಮಾಡದ ಆಜ್ಞೆ

ಅರವತ್ತರ ದಶಕದಲ್ಲಿ ನಾನು ಬೊಂಬಾಯಿಯ ಒಂದು ಕಚೇರಿಯಲ್ಲಿ ಗಣಕಯಂತ್ರದ ಕೆಲಸಕ್ಕಿದ್ದೆ. ಮೂಡುಬಿದಿರೆಯಲ್ಲಿ ಇದನ್ನು ಹೇಳಿದರೆ ಜನ ನನ್ನ ಮುಖ ನೋಡಿ, ಪಾಪ ಎನ್ನುವಂತೆ ತಲೆಯಾಡಿಸುತ್ತಿದ್ದರು. ನನಗೆ ಮಾತ್ರ ಬಹಳ ಹೆಮ್ಮೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಚಾವಡಿಯಲ್ಲಿ ಕೂತು ಅಮ್ಮನಿಗೂ ಹೆಂಡತಿ ವಿಜಯಳಿಗೂ ನನ್ನ ವಿದ್ಯೆಯನ್ನು ವಿವರಿಸುತ್ತಿದ್ದೆ.

"ನಾವು ಬರೆದು ಕೊಟ್ಟದ್ದನ್ನು ಯಂತ್ರ ತನ್ನ ಭಾಷೆಗೆ, ಅಂದರೆ ಬರೀ ಅಂಕೆಗಳಿಗೆ ತಿರುಗಿಸಿಕೊಳ್ತದೆ. ಕೆಲಸ ನಿಧಾನ ಆದರೆ ನಾನು ಆ ಅಂಕೆಗಳನ್ನು ಬಿಡಿಸ್ತೇನೆ. ಇದು 'ತಾ' ಎಂಬ ಆಜ್ಞೆ, ಇದು 'ಕೂಡಿಸು', ಇದು 'ಇಡು' ಅಂತ ಒಂದೊಂದರ ಪಕ್ಕದಲ್ಲಿ ಬರೀತೇನೆ. ಯಾವುದು ಹೆಚ್ಚು ಹೊತ್ತು ತಿನ್ನುತ್ತದೆ ಅಂತ ಗುರುತು ಹಾಕ್ತೇನೆ. ಏನೂ ಮಾಡದ ಆಜ್ಞೆ ಸಿಕ್ಕಿದರೆ ಕಿತ್ತು ಬಿಸಾಡ್ತೇನೆ!"

ಅಮ್ಮ ಕೊನೆಯ ತನಕ ಕೇಳಿಸಿಕೊಂಡಳು. "ಇದಕ್ಕೆ ಅವರು ಸಂಬಳ ಕೊಡ್ತಾರಾ?"

ಆ ಸಲ ನಾನು ರಜೆ ಹಾಕಿ ಬಂದದ್ದು ತಂಗಿ ಸುನಂದಳ ಮದುವೆಯ ಮಾತುಕತೆಗೆ. ಬೆಳ್ತಂಗಡಿಯ ಹುಡುಗ. ಬಸದಿಯಲ್ಲಿ ಒಮ್ಮೆ ನೋಡಿದ್ದಳಂತೆ. ಇವನಲ್ಲದಿದ್ದರೆ ಮದುವೆಯೇ ಬೇಡ ಎನ್ನುವಷ್ಟು ಮೆಚ್ಚಿಕೊಂಡಿದ್ದಳು. ಆದರೆ ಒಪ್ಪಬೇಕಾದವರು ಹುಡುಗನ ಅಜ್ಜ. ಮಹಾ ನೇಮದವರು. ನಾವು ಜೈನರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಅಜ್ಜ ಒಂದು ತೊಟ್ಟು ನೀರನ್ನೂ ಮುಟ್ಟುವವರಲ್ಲ. ಹೊತ್ತಿಗೆ ಸರಿಯಾಗಿ ಊಟ ಹಾಕದ ಮನೆಯಿಂದ ಹೆಣ್ಣು ತರುವುದಿಲ್ಲ ಎಂದು ಹಿಂದೊಂದು ಸಂಬಂಧವನ್ನು ಬಿಟ್ಟು ಎದ್ದು ಹೋಗಿದ್ದರಂತೆ! ಅವರು ನಾಲ್ಕು ಗಂಟೆಯ ಬಸ್ಸಿಗೆ ಬರುವವರಿದ್ದರು. ನಮ್ಮ ಮನೆಯ ಅಡುಗೆಯೋ, ಯಾವತ್ತೂ ತಡ.

"ನಾನಿದ್ದೇನಲ್ಲ, ಹೆದರಬೇಡ" ಎಂದೆ ವಿಜಯಳಿಗೆ.

"ಹೆದರಿಕೆ ಅದೇ" ಎಂದಳು.

ಅಂದು ಊಟದ ಕೆಲಸ ಶುರುವಾಗುವ ಹೊತ್ತಿಗೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಮಣೆ ಹಾಕಿ, ಕಾಗದ ಪೆನ್ಸಿಲು ಹಿಡಿದು, ವಾಚು ಬಿಚ್ಚಿ ಎದುರಿಗಿಟ್ಟು ವಿಧಿವತ್ತಾಗಿ ಆಸೀನನಾದೆ. ಅಡುಗೆಯನ್ನು ಆಜ್ಞೆ ಆಜ್ಞೆಯಾಗಿ ಬಿಡಿಸಿ, ಹೊತ್ತು ತಿನ್ನುವ ಕಳ್ಳನನ್ನು ಹಿಡಿಯುವುದು ನನ್ನ ಘನ ಉದ್ದೇಶ. ಒಂದೇ ನಿಯಮ: ಮಾಡಿದ ಕೆಲಸವನ್ನು ಪ್ರತಿಯೊಬ್ಬರೂ ಗಟ್ಟಿಯಾಗಿ ಹೇಳಬೇಕು.

"ನೀರು ತಂದೆ!" ಎಂದಳು ಅಮ್ಮ, ಕೊಡ ಇಳಿಸದೆ.

"ಎಲ್ಲಿಂದ?"

"ಬಾವಿಯಿಂದ ಮಾರಾಯ! ಮತ್ತೆಲ್ಲಿಂದ?"

ಬರೆದುಕೊಂಡೆ. ನಾನು ಬರೆದು ಮುಗಿಸುವ ತನಕ ಅಮ್ಮ ಕೊಡ ಹೊತ್ತು ನಿಂತಿದ್ದಳು. ವಿಜಯ ಸೌತೆಕಾಯಿ ಹುಳಿಗೆ ಕೈ ಹಾಕಿದಳು.

"ಹಾಕಿದೆ!"

"ಎಂತ ಹಾಕಿದ್ದು? ಸರಿ ಕೇಳಲಿಲ್ಲ."

"ಉಪ್ಪು!" ಎಂದು ನನಗೆ ತೋರಿಸುವ ಭರದಲ್ಲಿ ಇನ್ನೊಂದು ಹಿಡಿ ಹಾಕಿಬಿಟ್ಟಳು. ಅದನ್ನು ಸರಿಪಡಿಸಲು ಇನ್ನೊಂದು ಸೌತೆಕಾಯಿ ಬೇಕಾಯಿತು. ಅದಕ್ಕೆ ಮತ್ತೊಂದು ತೆಂಗಿನಕಾಯಿ ಬೇಕಾಯಿತು. ಅದನ್ನು ತುರಿಯಬೇಕು, ಅರೆಯಬೇಕು, ಎಲ್ಲಕ್ಕಿಂತ ಮುಖ್ಯವಾಗಿ ನನಗೆ ವರದಿ ಒಪ್ಪಿಸಬೇಕು! ನಾನು ಅಳೆಯುತ್ತಿದ್ದುದರಿಂದಲೇ ಕೆಲಸ ನಿಧಾನವಾಗುತ್ತಿದೆ ಎಂಬ ಸಣ್ಣ ಅನುಮಾನ ನನಗೆ ಬಂತು. ಅದನ್ನು ಬರೆದುಕೊಳ್ಳಲಿಲ್ಲ.

ಕೊನೆಗೂ ಕಳ್ಳ ಸಿಕ್ಕಿದ! ಅಮ್ಮ ಆಗಾಗ ಹಿತ್ತಿಲ ಬಾಗಿಲಿಗೆ ಹೋಗುತ್ತಾಳೆ. ಹಣೆಗೆ ಕೈ ಅಡ್ಡ ಹಿಡಿದು ನಿಲ್ಲುತ್ತಾಳೆ. ಬರಿಗೈಯಲ್ಲಿ ವಾಪಸು ಬರುತ್ತಾಳೆ.

"ಅಮ್ಮ, ಅಲ್ಲಿ ಎಂತ ಮಾಡ್ತೀ?"

"ಎಂತ ಇಲ್ಲ. ಹೊಗೆಗೆ ಕಣ್ಣು ಉರೀತದೆ, ಹೋಗ್ತೇನೆ."

"ನೋಡು! ಇದೇ ಏನೂ ಮಾಡದ ಆಜ್ಞೆ!" ಎಂದು ಕಾಗದದಲ್ಲಿ ಆ ಸಾಲನ್ನು ಹೊಡೆದುಹಾಕಿದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಹಿತ್ತಿಲ ಬಾಗಿಲು ಮುಚ್ಚಿ ಅಗುಳಿಯನ್ನೂ ಹಾಕಿದೆ.

"ಹೊತ್ತು ಎಷ್ಟಾಯ್ತು ಅಂತ ಗೊತ್ತಾಗುವುದು ಹೇಗೆ?" ಎಂದಳು ವಿಜಯ.

"ವಾಚು ಉಂಟಲ್ಲ!"

ನಮ್ಮ ಅಡುಗೆಮನೆಯಲ್ಲಿ ಆ ಬಾಗಿಲು ಮುಚ್ಚಿದರೆ ನಡುಮಧ್ಯಾಹ್ನವೂ ಒಂದೇ, ಸಂಜೆಯೂ ಒಂದೇ. ಹೊಗೆ ಕವಿಯಿತು. ಒಲೆ ಕಾಣಲಿಲ್ಲ, ಅಮ್ಮ ಕಾಣಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ನಾನು ಕಣ್ಣೊರೆಸಿಕೊಳ್ಳುತ್ತ ಬರೆಯುತ್ತಲೇ ಇದ್ದೆ.

"ಗಂಟೆ ಎಷ್ಟು?" ಎಂದು ಕೇಳಿದಳು ವಿಜಯ.

"ಮೂರು. ಬೇಕಾದಷ್ಟು ಹೊತ್ತು ಉಂಟು."

ಪಲ್ಯ ಆಯಿತು. ಹೆಸರುಬೇಳೆ ಬೆಂದಿತು. ಹಲಸಿನೆಲೆಯ ಕಡುಬನ್ನು ಹಬೆಗೆ ಇಟ್ಟರು.

"ಈಗ ಎಷ್ಟು?"

"ಮೂರು" ಎಂದೆ, ಬಹಳ ಸಂತೋಷದಿಂದ. ಇಷ್ಟೆಲ್ಲ ಕೆಲಸ ಮುಗಿದರೂ ಇನ್ನೂ ಮೂರೇ ಗಂಟೆ! ನನ್ನ ವಿದ್ಯೆಯ ಫಲ!

ವಿಜಯ ಬಂದು ವಾಚನ್ನು ಎತ್ತಿ ಕಿವಿಗಿಟ್ಟುಕೊಂಡಳು. ಆಮೇಲೆ ನನ್ನ ಕೈಗೆ ಕೊಟ್ಟಳು. ಬೆಳಿಗ್ಗೆ ಎದ್ದೊಡನೆ ವಾಚಿಗೆ ಕೀ ಕೊಡುವುದು ಎಂಬ ಒಂದು ಆಜ್ಞೆ ಇದೆ. ಅಂದು ನಾನು ಅದನ್ನು ನಡೆಸಿರಲಿಲ್ಲ.

ಅಗುಳಿ ತೆಗೆದೆವು. ಸೂರ್ಯ ಕೆಂಪಗಾಗಿ ತೆಂಗಿನ ಮರಗಳ ಬುಡಕ್ಕೆ ಇಳಿದಿದ್ದ. ಕಡುಬು ಬೆಂದಿರಲಿಲ್ಲ. ಪಾಯಸಕ್ಕೆ ಬೆಲ್ಲ ಬಿದ್ದಿರಲಿಲ್ಲ. ಹೊಸ ಸೀರೆ ಉಟ್ಟು ಒಳಗಿನಿಂದ ಬಂದ ಸುನಂದ ಒಮ್ಮೆ ಸೂರ್ಯನನ್ನು, ಒಮ್ಮೆ ನನ್ನನ್ನು ನೋಡಿದಳು.

"ಅಣ್ಣ, ನಿನಗೆ ರಜೆ ಕೊಟ್ಟದ್ದು ಯಾರು?" ಎಂದು ಅತ್ತೇಬಿಟ್ಟಳು.

ತಂಗಿಯ ಬಾಳನ್ನು ನಾನೇ ಹಾಳುಮಾಡಿದೆ ಅನ್ನಿಸಿತು. ಆಗಲೇ ನಮಗೆಲ್ಲ ಹೊಳೆದದ್ದು: ನಾಲ್ಕು ಗಂಟೆಯ ಬಸ್ಸಿಗೆ ಬರಬೇಕಾದವರು ಎಲ್ಲಿ? ನಮ್ಮ ಮನೆಯಲ್ಲಿ ನಾಲ್ಕು ಗಂಟೆಯೇ ಆಗದ್ದರಿಂದ ಯಾರೂ ಅದನ್ನು ಯೋಚಿಸಿರಲಿಲ್ಲ!

ಅವರು ಬಂದದ್ದು ಸೂರ್ಯ ಪೂರ್ತಿ ಮುಳುಗಿದ ಮೇಲೆ. ಅಂಗಳಕ್ಕೆ ಕಾಲಿಡುತ್ತಲೇ ಅಜ್ಜ ಕೈ ಮುಗಿದರು.

"ಕ್ಷಮಿಸಬೇಕು. ವೇಣೂರು ದಾಟಿದ ಮೇಲೆ ಬಸ್ಸು ನಿಂತುಬಿಟ್ಟಿತು. ಡ್ರೈವರ್ ಇಂಜಿನ್ನು ಬಿಚ್ಚಿ ರಸ್ತೆ ತುಂಬ ಹರಡಿದ. ಬಿಚ್ಚಲಿಕ್ಕೆ ಬರುವವರಿಗೆಲ್ಲ ಜೋಡಿಸಲಿಕ್ಕೆ ಬರುವುದಿಲ್ಲ ನೋಡಿ!"

ವಿಜಯ ನನ್ನ ಕಡೆ ತಿರುಗಿದಳು. ನಾನು ಮಾಡಿನ ಹಂಚು ನೋಡಿದೆ. ಆ ಡ್ರೈವರ್ ಎದುರಿಗೆ ಸಿಕ್ಕಿದ್ದರೆ ತಬ್ಬಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಒಳಗಿನಿಂದ ಕಡುಬಿನ ಹಬೆ ಚಾವಡಿಗೆ ಬಂತು. ಅಜ್ಜ ಮೂಗೆತ್ತಿ, ಕಣ್ಣು ಮುಚ್ಚಿದರು. "ಇಷ್ಟು ಹೊತ್ತಾದರೂ ನಮಗಾಗಿ ಬಿಸಿ ಇಟ್ಟಿದ್ದೀರಿ! ನಮ್ಮಿಂದ ನಿಮ್ಮ ಊಟವೂ ಹೋಯಿತು. ಇಂಥ ಮನೆಯ ಹುಡುಗಿ ಸಿಕ್ಕಿದರೆ ನಮ್ಮ ಪುಣ್ಯ. ಬೆಳಿಗ್ಗೆ ಇಲ್ಲಿಯೇ ಉಂಡು ಹೋಗ್ತೇವೆ."

ನಾವು ಯಾರೂ ಅವರನ್ನು ತಿದ್ದಲಿಲ್ಲ. ಬಾಗಿಲ ಮರೆಯಲ್ಲಿ ಸುನಂದ ಈ ಸಲ ನಗುತ್ತ ಕಣ್ಣೊರೆಸಿಕೊಂಡಳು. ನನ್ನ ಎದೆಯ ಮೇಲಿಂದ ಅರೆಯುವ ಕಲ್ಲು ಇಳಿಸಿದಂತಾಯಿತು.

ಅಂದಿನ ಅಡುಗೆಯೆಲ್ಲ ನೆರೆಮನೆಯ ಅಂಗಡಿ ಸಾಹೇಬರಿಗೆ ಹೋಯಿತು. ಹುಳಿಯ ಉಪ್ಪಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಮಲಗುವ ತನಕ ಅವರ ಬಾವಿಯ ರಾಟೆ ಮಾತ್ರ ಕಿರುಗುಟ್ಟುತ್ತಲೇ ಇತ್ತು. ನಾವು ಹಸಿದ ಹೊಟ್ಟೆಯಲ್ಲಿ, ಆದರೆ ನೆಮ್ಮದಿಯಿಂದ ಮಲಗಿದೆವು.

ಬೆಳಿಗ್ಗೆ ಮತ್ತೆ ಒಲೆ ಹೊತ್ತಿತು. ನಾನು ಮಣೆ ಎತ್ತಿಕೊಂಡು ಬರುವುದನ್ನು ಕಂಡ ಅಮ್ಮ, ತೋಳು ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿದಳು. "ನೀನು ಇಲ್ಲಿ ಬಿಸಿಲು ನೋಡ್ತಾ ನಿಲ್ಲು. ಒಳಗೆ ಬರಬೇಡ." ನಾನು ಹಣೆಗೆ ಕೈ ಅಡ್ಡ ಹಿಡಿದು ನಿಂತೆ. ಆಶ್ಚರ್ಯವೆಂದರೆ ಅಡುಗೆ ಹೊತ್ತಿಗೆ ಮೊದಲೇ ಮುಗಿಯಿತು!

"ಅತ್ತೆ, ಏನೂ ಮಾಡದ ಆಜ್ಞೆ ಒಂದು ಇಲ್ಲಿ ನಿಂತುಕೊಂಡುಂಟು. ಕಿತ್ತು ಬಿಸಾಡುವುದಾ?" ಎಂದಳು ವಿಜಯ.

ಅಮ್ಮ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಇರಲಿ ಬಿಡು. ಸಂಬಳ ಬರ್ತದಲ್ಲ."