ತುರ್ತು ಬ್ರೇಕು, ತುಪ್ಪದ ಡಬ್ಬಿ

"ಇನ್ನ ಮುಂದ ನೀ ತವರಮನಿಗೆ ಬಸ್ಸಿನ್ಯಾಗ ನುಗ್ಗ್ಯಾಡಿ ಹೋಗೂದಿಲ್ಲ. ರಾಣಿ ಹಂಗ ನನ್ನ ಗಾಡಿ ಮ್ಯಾಲ ಹೋಗತಿ!" ಎಂದು ವಿರೂಪಾಕ್ಷ ಘೋಷಿಸಿದಾಗ ಹೆಂಡತಿ ಸಪ್ನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಮೊದಲ ಕಾಲು ಎಳೀದಂಗ ಗಾಡಿ ನಿಲ್ಲಸೂದು ಕಲೀರಿ," ಎಂದಳು.

ಮಾತು ಸುಳ್ಳಲ್ಲ. ಬೈಲಹೊಂಗಲದ ಗುಮಾಸ್ತ ವಿರೂಪಾಕ್ಷನಿಗೆ ಬೈಕಿನ ಬ್ರೇಕಿಗಿಂತ ತನ್ನ ಚಪ್ಪಲಿಗಳ ಮೇಲೆಯೇ ಹೆಚ್ಚು ಭರವಸೆ. ಎದುರಿಗೆ ಎಮ್ಮೆ ಕಂಡಿತೋ, ಎರಡೂ ಕಾಲು ನೆಲಕ್ಕೆ! ಟೈರು ಸವೆಯುವ ಮೊದಲೇ ಚಪ್ಪಲಿ ಸವೆಯುತ್ತಿದ್ದವು. ಇದನ್ನು ಕಂಡೇ ಸಪ್ನಾ ಮದುವೆಯಾದಾಗಿನಿಂದ ಹಿಂದಿನ ಸೀಟು ಹತ್ತಿರಲಿಲ್ಲ.

೨೦೦೩ರ ಬೇಸಿಗೆಯಲ್ಲಿ ಕಾಲೇಜು ಮೈದಾನದಲ್ಲಿ ಬೈಕ್ ಸವಾರರಿಗೆ ತರಬೇತಿ ಶಿಬಿರ ನಡೆಯಿತು. ವಿರೂಪಾಕ್ಷ ಎಲ್ಲರಿಗಿಂತ ಮೊದಲು ಹೋಗಿ ನಿಂತ. ನಿಜವಾಗಿಯೂ ಕಲಿತ. ಎರಡೂ ಬ್ರೇಕು ಹದವಾಗಿ ಒತ್ತುವುದು, ತಿರುವಿನಲ್ಲಿ ದಾರಿಯ ಮೇಲೆ ಕಣ್ಣಿಡುವುದು ಎಲ್ಲ ಬಂತು. ಕೊನೆಗೆ ಸುಣ್ಣದ ಗೆರೆಯ ಮೇಲೆಯೇ ಗಾಲಿ ತಂದು ಗಕ್ಕನೆ ನಿಲ್ಲಿಸಿದಾಗ ತರಬೇತುದಾರ ಪರಸಪ್ಪ, "ಭೇಷ್! ಆದ್ರ ಇದು ಆಪತ್ತಿಗೆ ಅಷ್ಟ. ಹಿಂದ ಮಂದಿ ಕುಂತಾಗ ಆಟಕ್ಕ ಮಾಡಬ್ಯಾಡ್ರಿ," ಎಂದ. ವಿರೂಪಾಕ್ಷನ ಕಿವಿಗೆ ಬಿದ್ದದ್ದು "ಭೇಷ್" ಒಂದೇ.

ಓಣಿಯಲ್ಲಿ ಅವನು ಗಾಡಿ ಓಡಿಸುವುದನ್ನು ಸಪ್ನಾ ಬಾಗಿಲಲ್ಲಿ ನಿಂತು ನೋಡಿದಳು. ತುಸು ಕರಗಿದಳು. ತವರೂರು ರಾಮದುರ್ಗಕ್ಕೆ, ತಮ್ಮನ ನಿಶ್ಚಯಕ್ಕೆ ಹೊರಟ ದಿನ ರೇಶ್ಮಿ ಸೀರೆಯುಟ್ಟು, ಹೋಳಿಗೆಗೆಂದು ಕಾಸಿದ ತುಪ್ಪದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತೇಬಿಟ್ಟಳು. ಒಂದು ಕೈ ಅವನ ಹೆಗಲ ಮೇಲೆ. ವಿರೂಪಾಕ್ಷನ ಪಾಲಿಗೆ ಅದು ಪಟ್ಟಾಭಿಷೇಕ!

ಯರಗಟ್ಟಿ ದಾಟುವವರೆಗೆ ಎಲ್ಲ ಸುಸೂತ್ರ.

"ಛಲೋ ಹೊಡೀತೀರಿ ಬಿಡ್ರಿ," ಎಂದಳು ಸಪ್ನಾ.

ಅಷ್ಟಕ್ಕೇ ವಿರೂಪಾಕ್ಷ ಸುಮ್ಮನಿದ್ದಿದ್ದರೆ! "ಇದೇನ ನೋಡ್ತಿ? ತುರ್ತು ಬ್ರೇಕ್ ಅಂದ್ರ ಏನಂತ ತೋರಸ್ತೇನಿ, ತಡಿ!"

"ಬ್ಯಾಡ್ರಿ, ಡಬ್ಬಿ..."

ಗಾಡಿ ಗಕ್ಕನೆ ನಿಂತಿತು. ತುಪ್ಪ ಮಾತ್ರ ನಿಲ್ಲಲಿಲ್ಲ. ಅದಕ್ಕೆ ತರಬೇತಿ ಆಗಿರಲಿಲ್ಲ! ಮುಚ್ಚಳ ಹಾರಿ, ಅರ್ಧ ಅವನ ಅಂಗಿಯ ಕತ್ತಿನೊಳಗೆ ಇಳಿಯಿತು. ಇನ್ನರ್ಧ ರೇಶ್ಮಿ ಸೀರೆಯ ಮೇಲೆ.

ಸಪ್ನಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇಳಿದು, ಸೆರಗು ಹಿಂಡಿ, ಹಿಂದಿನಿಂದ ಬಂದ ಬಸ್ಸಿಗೆ ಕೈ ಮಾಡಿ ಹತ್ತಿಹೋದಳು. ಬಸ್ಸಿನ ಧೂಳನ್ನೆಲ್ಲ ತುಪ್ಪದ ಬೆನ್ನಿಗೆ ಮೆತ್ತಿಕೊಳ್ಳುತ್ತ ವಿರೂಪಾಕ್ಷ ಹಿಂಬಾಲಿಸಿದ. ಅವಳ ಕೈಯಿಲ್ಲದ ಹೆಗಲು ಬರಿದೆನಿಸುತ್ತಿತ್ತು.

ತವರಮನೆಯ ಬಾಗಿಲಲ್ಲಿ ತಾಯಿ ಯಲ್ಲವ್ವ, "ತುಪ್ಪ ಎಲ್ಲೈತಿ ಸಪ್ನಾ?" ಎಂದು ಕೇಳಿದಳು.

"ನಿನ್ನ ಅಳಿಯಾರ ಅಂಗಿ ಹಿಂಡಕೋ ಯವ್ವಾ."

ನೆಂಟರೆಲ್ಲ ನಕ್ಕರು. ಸಪ್ನಾ ನಗಲಿಲ್ಲ. ತಾಯಿಯ ಹಳೆಯ ಸೀರೆಯುಟ್ಟು ಹೊಸ ಬೀಗರೆದುರು ಓಡಾಡುತ್ತಿದ್ದವಳನ್ನು ನೋಡಿದಾಗಲೆಲ್ಲ ವಿರೂಪಾಕ್ಷ ಕೈಗೆತ್ತಿಕೊಂಡ ಹೋಳಿಗೆಯನ್ನು ಮರಳಿ ಎಲೆಗೇ ಇಡುತ್ತಿದ್ದ.

ಮರುದಿನ ಹೊರಡುವಾಗ ಗಾಡಿ ಒರೆಸುತ್ತ ಮೆತ್ತಗೆ ಕೇಳಿದ: "ತಪ್ಪಾತು. ಹಿಂದ ಕುಂಡ್ರತಿ?"

ಸಪ್ನಾ ಚೀಲವನ್ನು ಹೆಗಲಿಗೇರಿಸಿದಳು. "ನಿಂದ್ರಸೂದು ಛಲೋ ಕಲ್ತೀರಿ, ಇಲ್ಲ ಅನ್ನೂದಿಲ್ಲ. ಯಾವಾಗ ನಿಂದ್ರಸಬಾರ್ದು ಅನ್ನೂದನ್ನ ಎಲ್ಲ್ಯರ ಕಲಸ್ತಿದ್ರ ಕಲ್ತು ಬರ್ರಿ. ಅಲ್ಲೀತನ ನನಗ ಬಸ್ಸ ಛಲೋ!"