ಮೊಬೈಲಿನ ಮನೆಗೂ ಚಪ್ಪಲಿ ಬಿಡಬೇಕು

ನಮ್ಮ ಸೋದರಮಾವನ ಮೊಬೈಲಿನಲ್ಲಿ ಮನೆ ನೋಡಬೇಕಾದರೆ ಮೊದಲು ಚಪ್ಪಲಿ ಬಿಡಬೇಕು! ನೀವು ನಗುತ್ತೀರಿ. ಕೊಳ್ಳೇಗಾಲದಲ್ಲಿ ಯಾರೂ ನಗುವುದಿಲ್ಲ, ಬಿಟ್ಟೇ ನೋಡುತ್ತಾರೆ.

ರೇಷ್ಮೆಗೂಡಿನ ವ್ಯಾಪಾರ ತೊರೆದು ಮನೆ, ಸೈಟುಗಳ ದಲ್ಲಾಳಿಯಾದ ಮಾವ, ಸುತ್ತಲೂ ಏಕಕಾಲಕ್ಕೆ ನೋಡಬಲ್ಲ ಕ್ಯಾಮೆರಾವೊಂದನ್ನು ತಂದರು. ಕೋಲಿಗೆ ಸಿಕ್ಕಿಸಿ ಕೋಣೆಕೋಣೆಯಲ್ಲೂ ನಿಲ್ಲಿಸಿದರೆ ಮುಗಿಯಿತು. ಗಿರಾಕಿ ಗೋಪಿನಾಥಂನಲ್ಲೇ ಕುಳಿತು, ಬಸ್ಸಿಗೆ ಕಾಯದೆ, ಬೆರಳ ತುದಿಯಿಂದ ಯಳಂದೂರಿನ ಅಡುಗೆಮನೆಗೆ ನುಗ್ಗಬಹುದು. ಇದಕ್ಕೆ ವರ್ಚುವಲ್ ಟೂರ್ ಎಂದು ಹೆಸರು.

"ಬೆರಳಲ್ಲಿ ಒಳೀಕ್ ಓದ್ರೂ ಮನೆ ಮನೇನೇ ಕಣ್ಲಾ. ಎಕ್ಕಡ ಬುಡು!" ಎಂದು ಮಾವ ಗದರುವರು. ದೂರದ ಗಿರಾಕಿಗಳಿಗೆ ಫೋನಿನಲ್ಲೇ ವಿಚಾರಣೆ: "ಬುಟ್ಟಾ? ನಿಜ ಏಳು!"

ಮಡಿಮೈಲಿಗೆಯ ಈ ಡಿಜಿಟಲ್ ಅವತಾರವನ್ನು ನಾನು ಖಂಡಿಸಿದೆ. ಫಲವಿಲ್ಲ. ಹನೂರಿನ ಮನೆಯೊಂದರ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. "ಮಾವ, ಇದು ಹೆಣ್ಣಿನ ಮೇಲಿನ ದೌರ್ಜನ್ಯ" ಎಂದೆ. "ಬೆರಳು ಅಂಗೇ ಮುಂದ್ಕೆ ತಳ್ಳು ಕೂಸೇ, ಇತ್ತಲಲ್ಲಿ ಬೇಕಾದಷ್ಟು ಗಾಳಿ ಅದೆ" ಎಂದರು!

ಎಲ್ಲ ದಿಕ್ಕನ್ನೂ ನೋಡುವ ಕಣ್ಣಿನಿಂದ ಚಿತ್ರ ತೆಗೆಯುವವರು ತಪ್ಪಿಸಿಕೊಳ್ಳುವುದೆಲ್ಲಿ? ಯಳಂದೂರಿನಲ್ಲಿ ಮಾವ ಮಂಚದ ಕೆಳಗೆ ತೂರಿದರು, ಬಲಗಾಲು ಹೊರಗುಳಿಯಿತು. ಮರುದಿನವೇ ಗಿರಾಕಿಯ ಫೋನು:

"ಮನೆ ಚೆಂದಾಗದೆ ಸಾ. ಆ ಕಾಲು ಮನೆ ಜೊತೇಲೇ ಬತ್ತದಾ?"

ಮಾವ ಎಳ್ಳಷ್ಟೂ ನಾಚಲಿಲ್ಲ. "ಕಾಲು ನೋಡ್ದಲ್ಲ, ಅದ್ರಲ್ಲಿ ಎಕ್ಕಡ ಇತ್ತೇನ್ಲಾ?"

ಇಂಥವರ ಬಳಿಗೆ ನಾನು ಪರಿಚಯದ ನರ್ಸ್ ಒಬ್ಬರನ್ನು ಕರೆದೊಯ್ಯಬೇಕಾಯಿತು. ಆಕೆ ಮನೆ ಕೊಳ್ಳಲು ಮೂರು ಕಡೆ ಅಲೆದಿದ್ದರು. ಮೂರು ಕಡೆಯೂ ಜಗುಲಿಯಲ್ಲೇ "ನಿಮ್ಮದು ಯಾವ ಜನ?" ಎಂಬ ಪ್ರಶ್ನೆ, ಉತ್ತರ ಕೇಳಿದೊಡನೆ "ಮನೆ ಆಗಲೇ ಮಾರಿಹೋಯಿತು" ಎಂಬ ಸುಳ್ಳು. ಇದರ ಹೆಸರು ಅಸ್ಪೃಶ್ಯತೆ. ಮೃದುವಾದ ಬೇರೆ ಹೆಸರು ನನಗೆ ಗೊತ್ತಿಲ್ಲ. ಮಾವನ ಮನೆಗೆ ಅಂಟಿಕೊಂಡಿದ್ದ ಅವರದೇ ಇನ್ನೊಂದು ಮನೆ ಮಾರಾಟಕ್ಕಿತ್ತು. ಆದರೆ ಈಕೆಯ ಮುಂದೆಯೂ ಆ ಚಪ್ಪಲಿಯ ಆಜ್ಞೆ ಹೊರಟರೆ? ದಾರಿಯುದ್ದಕ್ಕೂ ನನಗೆ ಅದೇ ದಿಗಿಲು.

ಆಜ್ಞೆ ಹೊರಡಲೇ ಇಲ್ಲ. ಬೀದಿಯ ತಿರುವಿನಲ್ಲೇ ಆಕೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದರು.

ಮೊಬೈಲು ಹಿಡಿದು ತಮ್ಮ ಬಾಗಿಲಲ್ಲಿ ನಿಂತಿದ್ದ ಮಾವ ಕೇಳಿದರು: "ಇದೇನವ್ವಾ, ಕೈಲಿ?"

"ಈ ಬೀದೀಲಿ ನಮ್ ಜನ ಮೆಟ್ಕೊಂಡು ಓಗಂಗಿರ್ನಿಲ್ವಲ್ಲ ಸಾ. ನಮ್ಮಪ್ಪ ಇಂಗೇ ಇಡ್ಕೊಂಡು ಓಯ್ತಿದ್ದ. ಚಿಕ್ಕೋಳಾಗಿದ್ದಾಗ ನಾನೂ ಜೊತೇಲಿರ್ತಿದ್ದೆ. ತಿರುವು ಕಂಡೇಟ್ಗೆ ಕೈ ತಾನೇ ಎಕ್ಕಡಕ್ಕೆ ಓಯ್ತು."

ಮಾವ ಮೊಬೈಲನ್ನು ಜೇಬಿಗಿಳಿಸಿದರು.

"ಇದ್ರಲ್ಲಿ ನೋಡದು ಬ್ಯಾಡ. ಮೆಟ್ಕೊಳವ್ವ. ಮೆಟ್ಕೊಂಡೇ ಒಳಗ್ ಬಾ."

ಎದುರು ಜಗುಲಿಯವನು ಕೂಗಿದ: "ಏನಣ್ಣೋ, ಯಾರ್ಗೆ ಮನೆ ತೋರ್ಸದು?"

"ನಮ್ ಪಕ್ಕದ್ಮನೆಯೋರ್ಗೆ ಕಣ್ಲಾ!"

ಪಕ್ಕದ ಮನೆಗೆ ನಾಲ್ಕೇ ಹೆಜ್ಜೆಯ ದಾರಿ. ಆಕೆಯ ಚಪ್ಪಲಿ ಪಟಪಟನೆ ಸದ್ದು ಮಾಡುತ್ತ ಮುಂದೆ ನಡೆಯಿತು, ಹಿಂದೆ ಮಾವ. ಮೊಬೈಲು ತೋರಿಸಲೆಂದು ಮೊದಲೇ ಬಿಟ್ಟಿದ್ದ ಮಾವನ ಚಪ್ಪಲಿ ಮಾತ್ರ ಮೆಟ್ಟಿಲ ಬಳಿಯೇ ಉಳಿದಿತ್ತು.