ಡಬ್ಬಿಗೆ ಬಳಿದ ವಿಭೂತಿ

ನಮ್ಮ ಮನೆಯ ಯಂತ್ರಗಳ ಆರೋಗ್ಯ ಇಲಾಖೆಗೆ ನಾನೇ ಮಂತ್ರಿ, ನಾನೇ ವೈದ್ಯ. ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮಡಚುವುದು ನನ್ನ ಉದ್ಯೋಗ. ಆದರೂ ವಿನೋಬನಗರದ ನಮ್ಮ ಮನೆಯಲ್ಲಿ ಮಿಕ್ಸಿ ಮುನಿಸಿಕೊಂಡರೆ ಅದನ್ನು ಬಿಚ್ಚುವ ಹಕ್ಕು ನನ್ನದೇ. ಮತ್ತೆ ಜೋಡಿಸುವವರು ಬೇರೆ.

ಕಳೆದ ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಜೊತೆ ಟಿವಿಯ ಹಳೆಯ ಸೆಟ್‌ಟಾಪ್ ಬಾಕ್ಸಿಗೂ ಪೂಜೆ ಮಾಡಿದೆ. ಕಾರ್ಯಕ್ರಮಗಳನ್ನು ತನ್ನೊಳಗೇ ರೆಕಾರ್ಡ್ ಮಾಡಿಟ್ಟುಕೊಳ್ಳುವ ಡಬ್ಬಿ ಅದು. ಆ ಸಲ ಅದಕ್ಕೆ ವಿಶೇಷ ಗೌರವ, ಏಕೆಂದರೆ ಅದರ ಹೊಟ್ಟೆಯಲ್ಲಿ ನಮ್ಮ ಅತ್ತೆ ಇದ್ದರು. ಲೋಕಲ್ ಚಾನೆಲ್ಲಿನ ಅಡುಗೆ ಕಾರ್ಯಕ್ರಮದಲ್ಲಿ ಅವರು ಎಣ್ಣೆಗಾಯಿ ಮಾಡಿದ್ದರು. ಅದು ಪ್ರಸಾರವಾಗುವ ಹೊತ್ತಿಗೆ ಸರಿಯಾಗಿ ಭದ್ರಾವತಿಯ ಜನ್ನಾಪುರದಲ್ಲಿ, ಅವರ ಬೀದಿಯಲ್ಲಿ, ಕರೆಂಟ್ ಹೋಯಿತು. ಅವರೂ ನೋಡಲಿಲ್ಲ, ಅವರ ಗೆಳತಿಯರೂ ನೋಡಲಿಲ್ಲ. ಇಡೀ ಭೂಮಂಡಲದಲ್ಲಿ ಅದು ಉಳಿದಿದ್ದು ನಮ್ಮ ಡಬ್ಬಿಯಲ್ಲಿ ಮಾತ್ರ. ಹಾಗಾಗಿ ವಿಭೂತಿಯನ್ನು ಗಟ್ಟಿಯಾಗಿ ಕಲಸಿ, ಮೂರು ಬೆರಳಿನಿಂದ ಡಬ್ಬಿಯ ಮುಖದ ತುಂಬ ಬಳಿದೆ. ನಡುವೆ ಧಾರಾಳವಾಗಿ ಕುಂಕುಮ.

"ಒಂದು ಬೊಟ್ಟು ಸಾಕ್ರೀ," ಎಂದಳು ಹೆಂಡತಿ ಗಿರಿಜಾ. ಭಕ್ತಿಯಲ್ಲಿ ಜಿಪುಣತನ ಸಲ್ಲದೆಂದು ನಾನು ಅವಳಿಗೆ ಉಪದೇಶ ಮಾಡಿದೆ.

ಮರುದಿನ ವಿಜಯದಶಮಿ. ಸಂಜೆ ಅತ್ತೆ ಇಬ್ಬರು ಗೆಳತಿಯರನ್ನು ಕರೆದುಕೊಂಡು ಬನ್ನಿ ಕೊಡಲು ಬರುವವರಿದ್ದರು. ಬನ್ನಿ ಬರೀ ನೆಪ, ಎಣ್ಣೆಗಾಯಿ ನೋಡುವುದೇ ಉದ್ದೇಶ. ಮಧ್ಯಾಹ್ನ ಒಂದು ಸಲ ಪರೀಕ್ಷಿಸೋಣವೆಂದು ರಿಮೋಟ್ ಒತ್ತಿದೆ. ಡಬ್ಬಿ ಕಿಮಕ್ ಎನ್ನಲಿಲ್ಲ. ರಿಮೋಟನ್ನು ಅಂಗೈಗೆ ಬಡಿದೆ, ತೊಡೆಗೆ ಬಡಿದೆ. ಹೊಸ ಸೆಲ್ ಹಾಕಿದೆ. ಕೊನೆಗೆ ಹಬ್ಬದ ದಿನವೂ ತೆರೆದಿದ್ದ ಅಂಗಡಿಯೊಂದನ್ನು ಹುಡುಕಿ ಹೊಸ ರಿಮೋಟನ್ನೇ ತಂದೆ. ಎರಡು ರಿಮೋಟುಗಳೂ ಒಮ್ಮತದಿಂದ ಕೆಲಸ ಮಾಡಲಿಲ್ಲ!

ಪಕ್ಕದ ಮನೆಯ ರುದ್ರೇಶ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟ. "ಡಬ್ಬಿಗೆ ವಯಸ್ಸಾಯ್ತು ಮಾರಾಯ. ಬಟನ್ ಒತ್ತಿ ಹಿಡ್ಕೊಂಡು ರೀಸೆಟ್ ಮಾಡು, ಹೊಸದರ ಹಂಗಾಗುತ್ತೆ."

ಅಮ್ಮನ ಕಾರ್ಯಕ್ರಮ ಹೋದೀತೆಂದು ಗಿರಿಜಾ ಹೆದರಿದಳು. ರೀಸೆಟ್ ಎಂದರೆ ಮನುಷ್ಯರು ಮುಖ ತೊಳೆದುಕೊಂಡ ಹಾಗೆ, ಹೊಟ್ಟೆಯಲ್ಲಿರುವುದು ಎಲ್ಲಿಗೂ ಹೋಗುವುದಿಲ್ಲ ಎಂದು ನಾನು ಧೈರ್ಯ ಹೇಳಿದೆ. ಡಬ್ಬಿಯ ಮೇಲಿದ್ದ ಬಟನ್ ಒತ್ತಿ ಹಿಡಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಎಚ್ಚರಿಕೆಯೊಂದು ಬಂತು. ಎಚ್ಚರಿಕೆ ಓದುತ್ತ ಕೂರುವುದು ಹೇಡಿಗಳ ಲಕ್ಷಣ. ಮತ್ತೆ ಒತ್ತಿದೆ. ಡಬ್ಬಿ ಆರಿತು, ಹೊತ್ತಿಕೊಂಡಿತು. ರಿಮೋಟಿಗೆ ಮಾತ್ರ ಯಥಾಪ್ರಕಾರ ಮೌನ.

ನೆಂಟರು ಬರುವಾಗ ಸ್ವಚ್ಛವಾಗಿರಲಿ ಎಂದು ಗಿರಿಜಾ ಒದ್ದೆ ಬಟ್ಟೆ ತಂದು ಡಬ್ಬಿಯ ಮುಖ ಒರೆಸಿದಳು. ವಿಭೂತಿಯ ಅಡಿಯಿಂದ, ರಿಮೋಟಿನ ಆಜ್ಞೆ ಹಿಡಿಯುವ ಪುಟ್ಟ ಕಪ್ಪು ಗಾಜು ಹೊರಬಂತು. ಹಳೆಯ ರಿಮೋಟ್ ಒತ್ತಿದೆ, ಕೆಲಸ ಮಾಡಿತು. ಹೊಸದನ್ನು ಒತ್ತಿದೆ, ಅದೂ ಮಾಡಿತು! ರೆಕಾರ್ಡಿಂಗ್ ಪಟ್ಟಿ ಮಾತ್ರ ಖಾಲಿ. ಎಣ್ಣೆಗಾಯಿಯೂ ಇಲ್ಲ, ಅತ್ತೆಯೂ ಇಲ್ಲ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ರೇಷ್ಮೆ ಸೀರೆ ಉಟ್ಟಿದ್ದ ಅತ್ತೆ, ಗೆಳತಿಯರನ್ನು ಟಿವಿಯ ಎದುರಿಗೇ ಕೂರಿಸಿ ತಾವೂ ಕೂತರು. ನಾನು ನಡೆದದ್ದೆಲ್ಲ ಹೇಳಿದೆ. ಅವರ ಮುಖ ಸಣ್ಣಗಾಯಿತು. ಟಿವಿಯಲ್ಲಿ ತಮ್ಮನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವರು ಗೆಳತಿಯರ ಕಡೆ ತಿರುಗಿದರು. "ನಮ್ಮ ಅಳಿಯಂದ್ರು ಯಾವುದನ್ನೂ ಅರ್ಧಕ್ಕೆ ಬಿಡಲ್ಲ ಕಣ್ರೇ. ಪೂಜೇನೂ ಅವರೇ ಮಾಡಿದ್ರು, ತಿಥೀನೂ ಅವರೇ ಮುಗಿಸಿದ್ರು."

ಈ ವರ್ಷದ ಆಯುಧಪೂಜೆಗೆ ವಿಭೂತಿ, ಕುಂಕುಮ ಎಲ್ಲ ಗಿರಿಜಾಳ ವಶದಲ್ಲಿವೆ. ನನಗೆ ಗಂಟೆ ಬಾರಿಸುವ ಕೆಲಸ ಮಾತ್ರ ಕೊಟ್ಟಿದ್ದಾಳೆ. ಅದು ಜನ್ನಾಪುರದಿಂದ ಅತ್ತೆ ಫೋನಿನಲ್ಲಿ ಕೊಟ್ಟ ಅಪ್ಪಣೆಯಂತೆ. ಗಂಟೆಯಲ್ಲಿ ಒತ್ತಲು ಬಟನ್ ಇಲ್ಲ.